ಬೈಯುವುದಿಲ್ಲ, ಮೊದಲು ಹೇಳಿ

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಸೈಬರ್ ಭದ್ರತೆಯ ಕೆಲಸದಲ್ಲಿರುವ ನನಗೆ ಊರ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ತಿಂಗಳಿಗೆ ಒಂದೆರಡು ಫೋನ್ ಬಂದೇ ಬರುತ್ತವೆ. ಯಾರದೋ ಅಣ್ಣನ ಮಗ, ಇನ್ಯಾರದೋ ತಂಗಿಯ ಸಹಪಾಠಿ. ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ. ‘ಅಕ್ಕಾ, ನೀವು ಫಾರಿನ್‌ನಲ್ಲಿ ಇಂಟರ್ನ್‌ಶಿಪ್ ಮಾಡಿದ್ರಂತೆ. ಅಲ್ಲಿ ಹ್ಯಾಕಿಂಗ್ ಕಲಿಸ್ತಾರಾ? ನಮಗೂ ಸಿಗುತ್ತಾ?’

ಸಿಗುತ್ತದೆ. ಹ್ಯಾಕಿಂಗ್ ಕೂಡ ಒಂದಿಷ್ಟು ಕಲಿಸುತ್ತಾರೆ. ಆದರೆ 2019ರ ಬೇಸಿಗೆಯಲ್ಲಿ ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ ಮೂರು ತಿಂಗಳು ಇದ್ದು ಬಂದ ನನಗೆ, ಅಲ್ಲಿ ಕಲಿತ ಟೂಲ್‌ಗಳಲ್ಲಿ ಅರ್ಧಕ್ಕರ್ಧ ಈಗ ಬಳಕೆಯಲ್ಲೇ ಇಲ್ಲ. ಉಳಿದುಕೊಂಡಿರುವುದು ಒಂದು ರೂಢಿ. ಎಡವಟ್ಟಾಯಿತು ಎಂದು ಯಾರಾದರೂ ಬಂದು ಹೇಳಿದರೆ ಅವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ರೂಢಿ. ಅದನ್ನು ಕಲಿಯಲು ಅಷ್ಟು ದೂರ ಹೋಗಬೇಕಿತ್ತೇ ಎಂದು ನೀವು ಕೇಳಬಹುದು. ನನ್ನ ಮಟ್ಟಿಗಂತೂ ಹೋಗಬೇಕಿತ್ತು.

ಅರ್ಧ ತುಮಕೂರು ಜಿಲ್ಲೆಯಷ್ಟು ಜನ

ಆಗ ನಾನು ತುಮಕೂರಿನಲ್ಲಿ ಎಂ.ಟೆಕ್. ಓದುತ್ತಿದ್ದೆ. ಕೊನೆಯ ವರ್ಷದ ಇಂಟರ್ನ್‌ಶಿಪ್‌ಗಾಗಿ ನಲವತ್ತಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದ್ದೆ. ಉತ್ತರ ಬಂದದ್ದು ಮೂರು ಕಡೆಯಿಂದ. ಅದರಲ್ಲಿ ಒಂದು ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನ ಒಂದು ಸಣ್ಣ ಕಂಪನಿ. ಮನೆಯಲ್ಲಿ ಹೇಳಿದಾಗ ಅಪ್ಪ ಅಟ್ಲಾಸ್ ತೆಗೆದು ಹತ್ತು ನಿಮಿಷ ಹುಡುಕಿದರು. ವೀಸಾಕ್ಕಾಗಿ ದೆಹಲಿಯ ಎಸ್ಟೋನಿಯಾ ರಾಯಭಾರ ಕಚೇರಿಗೆ ಹೋಗಿಬಂದು, ಹೆಲ್ಸಿಂಕಿವರೆಗೆ ವಿಮಾನದಲ್ಲಿ, ಅಲ್ಲಿಂದ ಸಮುದ್ರ ದಾಟಿ ಎರಡು ಗಂಟೆ ಹಡಗಿನಲ್ಲಿ ಪ್ರಯಾಣಿಸಿ ಟ್ಯಾಲಿನ್ ತಲುಪಿದೆ.

ಎಸ್ಟೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ. ನಮ್ಮ ತುಮಕೂರು ಜಿಲ್ಲೆಯ ಜನಸಂಖ್ಯೆಯಲ್ಲಿ ಹತ್ತಿರಹತ್ತಿರ ಅರ್ಧ. ಜೂನ್ ತಿಂಗಳಲ್ಲಿ ರಾತ್ರಿ ಹತ್ತೂವರೆಯಾದರೂ ಸೂರ್ಯ ಮುಳುಗುವುದಿಲ್ಲ, ಬೆಳಗ್ಗೆ ನಾಲ್ಕಕ್ಕೆಲ್ಲ ಮತ್ತೆ ಹಾಜರು. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ ಮಲಗುತ್ತಿದ್ದೆ. ಕಂಪನಿ ಕೊಡುತ್ತಿದ್ದ ಸ್ಟೈಪೆಂಡ್ ಬಾಡಿಗೆ ಮತ್ತು ಊಟಕ್ಕೆ ಸರಿಹೋಗುತ್ತಿತ್ತು. ಅವರ ಹುಳಿಹುಳಿಯಾದ ಕಪ್ಪು ಬ್ರೆಡ್ಡಿಗೆ ಊರಿಂದ ತಂದಿದ್ದ ಚಟ್ನಿಪುಡಿ ಬಹಳ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಮೊದಲ ವಾರದ ಸಂಶೋಧನೆ.

ಆ ದೇಶದಲ್ಲಿ ಸರ್ಕಾರದ ಬಹುಪಾಲು ಕೆಲಸ ಆನ್‌ಲೈನ್‌ನಲ್ಲೇ ನಡೆಯುತ್ತದೆ. 2002ರಿಂದ ಚಿಪ್ ಇರುವ ಗುರುತಿನ ಚೀಟಿ ಕೊಡುತ್ತಿದ್ದಾರೆ. ಅದರಲ್ಲೇ ತೆರಿಗೆ ಲೆಕ್ಕ, ಔಷಧಿ ಚೀಟಿ, ಕಾಗದಪತ್ರಗಳಿಗೆ ಡಿಜಿಟಲ್ ಸಹಿ. 2005ರಲ್ಲಿ ಇಡೀ ದೇಶದ ಚುನಾವಣೆಯಲ್ಲಿ ಇಂಟರ್ನೆಟ್ ಮೂಲಕ ಮತ ಹಾಕಲು ಅವಕಾಶ ಕೊಟ್ಟ ಮೊದಲ ದೇಶ ಅದು. ನಾನು ಹೋಗುವ ಮೂರು ತಿಂಗಳ ಮುಂಚೆ, 2019ರ ಮಾರ್ಚ್‌ನಲ್ಲಿ ನಡೆದ ಸಂಸತ್ ಚುನಾವಣೆಯಲ್ಲಿ ಸುಮಾರು ಶೇ 44ರಷ್ಟು ಮತಗಳು ಮನೆಯಿಂದಲೇ, ಕಂಪ್ಯೂಟರ್ ಮೂಲಕ ಬಿದ್ದಿದ್ದವು. ಎಲ್ಲವನ್ನೂ ಆನ್‌ಲೈನ್‌ನಲ್ಲಿ ಇಟ್ಟವರಿಗೆ ಅದನ್ನು ಕಾಯುವ ಚಿಂತೆಯೂ ಹೆಚ್ಚು. ಸೈಬರ್ ಭದ್ರತೆ ಕಲಿಯಲು ಆ ಊರು ಸರಿಯಾದ ಜಾಗ ಎಂದು ನನ್ನ ಕಾಲೇಜಿನ ಮೇಷ್ಟ್ರು ಹೇಳಿದ್ದು ಇದಕ್ಕೇ.

ಲಾಗ್ ಓದುವ ಕೆಲಸ

ಸಿನಿಮಾದಲ್ಲಿ ತೋರಿಸುವಂತೆ ಕತ್ತಲೆ ಕೋಣೆ, ಹಸಿರು ಅಕ್ಷರಗಳು ಏನೂ ಇರಲಿಲ್ಲ. ಟ್ರಾಮ್ ದಾರಿಯ ಪಕ್ಕದ ಒಂದು ಹಳೆಯ ಕಟ್ಟಡದಲ್ಲಿ ಹದಿನಾಲ್ಕು ಜನರ ಕಚೇರಿ. ಸಣ್ಣಪುಟ್ಟ ಕಂಪನಿಗಳ ಕಂಪ್ಯೂಟರ್ ಜಾಲವನ್ನು ಕಾಯುವುದು ಅವರ ಕೆಲಸ. ಯಾರು ಯಾವಾಗ ಲಾಗಿನ್ ಆದರು, ಎಲ್ಲಿಂದ ಆದರು, ಯಾವ ಫೈಲ್ ತೆರೆದರು ಎಂಬ ದಾಖಲೆಗಳು ಸಾಲುಸಾಲಾಗಿ ಬಂದು ಬೀಳುತ್ತಿರುತ್ತವೆ. ಅವನ್ನೇ ಲಾಗ್ ಎನ್ನುತ್ತಾರೆ. ಅವುಗಳಲ್ಲಿ ಅನುಮಾನ ಬರುವಂಥದ್ದನ್ನು ಸಾಫ್ಟ್‌ವೇರ್ ಹೆಕ್ಕಿ ಕೊಡುತ್ತದೆ. ನೂರು ಎಚ್ಚರಿಕೆ ಬಂದರೆ ತೊಂಬತ್ತಕ್ಕಿಂತ ಹೆಚ್ಚು ಸುಳ್ಳು. ಯಾರೋ ರಜೆಯಲ್ಲಿ ಸ್ಪೇನ್‌ಗೆ ಹೋಗಿ ಅಲ್ಲಿಂದ ಮೇಲ್ ನೋಡಿರುತ್ತಾರೆ, ಯಾರೋ ಪಾಸ್‌ವರ್ಡ್ ಮರೆತು ಆರು ಸಲ ತಪ್ಪು ಹೊಡೆದಿರುತ್ತಾರೆ. ಸುಳ್ಳನ್ನು ಸುಳ್ಳೆಂದು ಖಚಿತ ಮಾಡಿ ಬರೆದಿಡುವುದೇ ಇಂಟರ್ನ್‌ನ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಮೊದಲ ದಿನವೇ ಎರಡು ನಿಯಮ ಹೇಳಿದರು. ಒಂದು, ಎಲ್ಲ ಸಮಯವನ್ನೂ ಯುಟಿಸಿ ಲೆಕ್ಕದಲ್ಲೇ ಬರೆಯಬೇಕು. ಟ್ಯಾಲಿನ್‌ಗೆ ಬೇಸಿಗೆಯಲ್ಲಿ ಅದಕ್ಕಿಂತ ಮೂರು ಗಂಟೆ ಮುಂದೆ, ನಮಗೆ ಐದೂವರೆ ಗಂಟೆ ಮುಂದೆ. ಒಬ್ಬೊಬ್ಬರು ಒಂದೊಂದು ಗಡಿಯಾರ ನೋಡಿ ಬರೆದರೆ ಯಾವುದು ಮೊದಲು ನಡೆಯಿತು ಎಂಬುದೇ ತಿಳಿಯುವುದಿಲ್ಲ. ಎರಡು, ಲಿಖಿತ ಅನುಮತಿ ಇಲ್ಲದೆ ಯಾರ ಕಂಪ್ಯೂಟರನ್ನೂ ಮುಟ್ಟಬಾರದು. ಪರೀಕ್ಷೆಗೆಂದು ಕೂಡ ಮುಟ್ಟಬಾರದು. ಯಾವ ಸರ್ವರ್, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ಗ್ರಾಹಕರು ಸಹಿ ಮಾಡಿದ ಕಾಗದ ಫೈಲಿನಲ್ಲಿ ಇರಲೇಬೇಕು. ನಮ್ಮಲ್ಲೂ ಕಾನೂನು ಹೀಗೆಯೇ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಪ್ರಕಾರ, ಒಡೆಯನ ಅನುಮತಿ ಇಲ್ಲದೆ ದುರುದ್ದೇಶದಿಂದ ಕಂಪ್ಯೂಟರ್ ಒಳಗೆ ನುಗ್ಗಿದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಸುಮ್ಮನೆ ಕುತೂಹಲಕ್ಕೆ ಕಾಲೇಜಿನ ವೆಬ್‌ಸೈಟನ್ನು ಕೆದಕುವ ಹುಡುಗರಿಗೆ ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ.

ನನ್ನನ್ನು ನೋಡಿಕೊಳ್ಳುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು. ನಾನು ಬಾಯಿ ತೆರೆದರೆ ‘ಮ್ಯಾಮ್’ ಎನ್ನುತ್ತಿದ್ದೆ. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಕಂಪನಿಯ ಮುಖ್ಯಸ್ಥರನ್ನೂ ಸೇರಿಸಿ. ಎರಡನೇ ವಾರ ಅವರು ನನ್ನನ್ನು ಕೂರಿಸಿಕೊಂಡು, ‘ನೀನು ನನ್ನನ್ನು ಹೆಸರಿನಿಂದ ಕರೆಯಬೇಕು. ಇದು ಸ್ನೇಹದ ಮಾತಲ್ಲ, ಕೆಲಸದ ಮಾತು. ನನ್ನ ಬಗ್ಗೆ ಹೆದರಿಕೆ ಇದ್ದರೆ ಕೆಟ್ಟ ಸುದ್ದಿಯನ್ನು ತಡವಾಗಿ ತರುತ್ತೀಯ’ ಎಂದರು. ನನಗಿಂತ ಮೂವತ್ತು ವರ್ಷ ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳಲು ಇನ್ನೂ ಎರಡು ವಾರ ಹಿಡಿಯಿತು.

ನಾಲ್ಕು ನಿಮಿಷದಲ್ಲಿ ಬಂದ ಫೋನ್

ಜುಲೈ ತಿಂಗಳ ಒಂದು ಬೆಳಗ್ಗೆ ಗ್ರಾಹಕ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಿಂದ ಫೋನ್ ಬಂತು. ಅಲ್ಲಿನ ಒಬ್ಬ ಉದ್ಯೋಗಿಗೆ ಸರಬರಾಜುದಾರರ ಹೆಸರಿನಲ್ಲಿ ಇನ್‌ವಾಯ್ಸ್ ಬಂದಿತ್ತು. ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿದ ಮೇಲೆ ಪುಟ ಸರಿಯಿಲ್ಲ ಅನ್ನಿಸಿದೆ. ಲಾಗ್ ಪ್ರಕಾರ ಆಕೆ ಪಾಸ್‌ವರ್ಡ್ ಹಾಕಿದ ನಾಲ್ಕನೇ ನಿಮಿಷಕ್ಕೆ ನಮಗೆ ಫೋನ್ ಮಾಡಿದ್ದರು. ಆರನೇ ನಿಮಿಷಕ್ಕೆ ಅವರ ಖಾತೆಯ ಎಲ್ಲ ಲಾಗಿನ್‌ಗಳನ್ನೂ ಕಡಿದು ಪಾಸ್‌ವರ್ಡ್ ಬದಲಿಸಲಾಯಿತು. ಹನ್ನೊಂದನೇ ನಿಮಿಷಕ್ಕೆ ಯಾರೋ ಬೇರೆ ದೇಶದಿಂದ ಹಳೆಯ ಪಾಸ್‌ವರ್ಡ್ ಹಿಡಿದು ಬಂದು ಬಾಗಿಲು ತಟ್ಟಿದ್ದು ಲಾಗ್‌ನಲ್ಲಿ ಕಾಣಿಸಿತು. ಬಾಗಿಲು ತೆರೆಯಲಿಲ್ಲ.

ಮಧ್ಯಾಹ್ನ ಆ ಕಂಪನಿಯ ಮ್ಯಾನೇಜರ್ ಮೇಲ್ ಬರೆದು ಲಿಂಕ್ ಒತ್ತಿದ್ದು ಯಾರು ಎಂದು ಕೇಳಿದರು. ವರದಿ ಬರೆಯುವ ಕೆಲಸ ನನ್ನದು. ಕರಡಿನಲ್ಲಿ ನಾನು ಹೆಸರಿನ ಜಾಗ ಖಾಲಿ ಬಿಟ್ಟು, ಬರೆಯಬೇಕೇ ಎಂದು ಕೇಳಿದೆ. ಬೇಡ ಎಂದರು. ‘ಲೆಕ್ಕಪತ್ರ ವಿಭಾಗದ ಉದ್ಯೋಗಿಯೊಬ್ಬರು ನಾಲ್ಕು ನಿಮಿಷದಲ್ಲಿ ತಿಳಿಸಿದ್ದರಿಂದ ಹಾನಿ ತಪ್ಪಿತು ಎಂದು ಮೊದಲ ಸಾಲಿನಲ್ಲೇ ಬರೆ’ ಎಂದರು. ಮ್ಯಾನೇಜರ್‌ಗೆ ಅವರೇ ಫೋನ್ ಮಾಡಿ ಹೇಳಿದ್ದು ನನಗೆ ಈಗಲೂ ನೆನಪಿದೆ: ಇವತ್ತು ಆಕೆಗೆ ಬೈದರೆ ಮುಂದಿನ ಸಲ ನಿಮ್ಮ ಕಚೇರಿಯಲ್ಲಿ ಯಾರೂ ಫೋನ್ ಮಾಡುವುದಿಲ್ಲ. ಆಗ ನಮಗೆ ಗೊತ್ತಾಗುವುದು ದುಡ್ಡು ಹೋದ ಮೇಲೆ.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಹೇಳುವ ಊರು ಅಲ್ಲ ಅದು. ಒಂದೊಂದು ಮಾಹಿತಿಗೂ ಟ್ರಾಫಿಕ್ ಸಿಗ್ನಲ್ ಥರ ಬಣ್ಣ ಕಟ್ಟುತ್ತಾರೆ. ಕೆಂಪು ಎಂದರೆ ಕೇಳಿಸಿಕೊಂಡವರ ಆಚೆ ಹೋಗುವಂತಿಲ್ಲ, ಹಸಿರು ಎಂದರೆ ಇದೇ ಕ್ಷೇತ್ರದವರ ಜತೆ ಹಂಚಿಕೊಳ್ಳಬಹುದು. ಈ ಪದ್ಧತಿ ಜಗತ್ತಿನ ಬಹಳ ಕಡೆ ಇದೆ, ಈಗ ನಾನು ಕೆಲಸ ಮಾಡುವ ಕಡೆಯೂ ಇದೆ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದು ಮೊದಲೇ ತೀರ್ಮಾನವಾಗಿದ್ದರೆ ಹೇಳುವವರಿಗೆ ಧೈರ್ಯ ಬರುತ್ತದೆ.

ಸರ್ಕಾರವೇ ಹೇಳಿದಾಗ

ಈ ಅಭ್ಯಾಸ ಒಂದು ಕಚೇರಿಯ ಒಳ್ಳೆಯತನ ಅಂದುಕೊಂಡಿದ್ದೆ. ಸಹೋದ್ಯೋಗಿಗಳ ಜತೆ ಊಟಕ್ಕೆ ಕೂತಾಗ ಅದರ ಹಿಂದೆ ದೇಶದ್ದೇ ಒಂದು ಅನುಭವ ಇದೆ ಎಂದು ತಿಳಿಯಿತು.

2007ರ ಏಪ್ರಿಲ್ ಕೊನೆಯಲ್ಲಿ ಎಸ್ಟೋನಿಯಾ ಸರ್ಕಾರ ಟ್ಯಾಲಿನ್ ಮಧ್ಯದಲ್ಲಿದ್ದ ಸೋವಿಯತ್ ಕಾಲದ ಸೈನಿಕನ ಪ್ರತಿಮೆಯನ್ನು ಸೈನಿಕ ಸ್ಮಶಾನಕ್ಕೆ ಸ್ಥಳಾಂತರಿಸಿತು. ಬೀದಿಯಲ್ಲಿ ಗಲಭೆಯಾಯಿತು. ಅದರ ಬೆನ್ನಿಗೇ ಮೂರು ವಾರಗಳ ಕಾಲ ಸರ್ಕಾರ, ಬ್ಯಾಂಕು, ಪತ್ರಿಕೆಗಳ ವೆಬ್‌ಸೈಟುಗಳ ಮೇಲೆ ಜಗತ್ತಿನ ಮೂಲೆಮೂಲೆಯ ಕಂಪ್ಯೂಟರುಗಳಿಂದ ಕೋರಿಕೆಗಳ ಮಹಾಪೂರ ಹರಿದುಬಂತು. ಬಸ್ಸಿನ ಬಾಗಿಲಿಗೆ ಸಾವಿರ ಜನ ಒಮ್ಮೆಗೇ ನುಗ್ಗಿದರೆ ನಿಜವಾಗಿ ಹತ್ತಬೇಕಾದವರು ಹತ್ತಲು ಆಗುವುದಿಲ್ಲವಲ್ಲ, ಹಾಗೆ. ಆಗ ಆ ದೇಶ ಮುಚ್ಚಿಡುವ ಗೋಜಿಗೆ ಹೋಗದೆ ತನಗಾದದ್ದನ್ನು ಜಗತ್ತಿಗೆ ಹೇಳಿತು, ಬೇರೆ ದೇಶಗಳ ತಜ್ಞರ ನೆರವು ಪಡೆಯಿತು. ಮರುವರ್ಷ ಟ್ಯಾಲಿನ್‌ನಲ್ಲೇ ನೇಟೊದ ಸೈಬರ್ ರಕ್ಷಣಾ ಕೇಂದ್ರ ಶುರುವಾಯಿತು.

ಹತ್ತು ವರ್ಷದ ಬಳಿಕ ಇನ್ನೂ ದೊಡ್ಡ ಪರೀಕ್ಷೆ ಎದುರಾಯಿತು. ಗುರುತಿನ ಚೀಟಿಯ ಚಿಪ್‌ನಲ್ಲೇ ದೋಷವಿದೆ ಎಂದು ಜೆಕ್ ಗಣರಾಜ್ಯದ ಮಸಾರಿಕ್ ವಿಶ್ವವಿದ್ಯಾಲಯದವರಿದ್ದ ಸಂಶೋಧಕರ ತಂಡ 2017ರ ಆಗಸ್ಟ್ 30ರಂದು ಎಸ್ಟೋನಿಯಾಕ್ಕೆ ತಿಳಿಸಿತು. ಬೀಗದ ಹೊರಮೈ ನೋಡಿ ಕೀಲಿ ತಯಾರಿಸಿಬಿಡಬಹುದಾದಂಥ ದೋಷ ಅದು. ಸುಮಾರು ಏಳೂವರೆ ಲಕ್ಷ ಕಾರ್ಡುಗಳು, ಅಂದರೆ ಅರ್ಧಕ್ಕಿಂತ ಹೆಚ್ಚು ದೇಶ. ಅಕ್ಟೋಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ, ಅದೇ ಕಾರ್ಡಿನಿಂದ ಆನ್‌ಲೈನ್ ಮತದಾನ. ಸುಮ್ಮನಿರಲು ಯಾವ ಸರ್ಕಾರಕ್ಕೂ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಆದರೆ ಆರನೇ ದಿನ, ಸೆಪ್ಟೆಂಬರ್ 5ರಂದು ಪ್ರಧಾನಿ ಯೂರಿ ರಾತಸ್ ಪತ್ರಿಕಾಗೋಷ್ಠಿ ಕರೆದು ವಿಷಯ ಹೇಳಿದರು. ದುರ್ಬಳಕೆಯಾದ ಒಂದು ಪ್ರಕರಣವೂ ಕಂಡಿಲ್ಲ, ಆದರೆ ಅಪಾಯವಿದೆ ಎಂದರು. ಚುನಾವಣೆ ನಡೆಯಿತು, ಜನ ಆನ್‌ಲೈನ್‌ನಲ್ಲೇ ಮತ ಹಾಕಿದರು. ನವೆಂಬರ್ 3ರ ಮಧ್ಯರಾತ್ರಿ ದೋಷವಿದ್ದ ಕಾರ್ಡುಗಳ ಡಿಜಿಟಲ್ ಬಳಕೆ ನಿಲ್ಲಿಸಿ, ಅಪ್‌ಡೇಟ್ ಮಾಡಿಕೊಂಡವರಿಗೆ ಮತ್ತೆ ಚಾಲೂ ಮಾಡಿದರು. ಅಪ್‌ಡೇಟ್ ಮಾಡಿಸಲು ಕಚೇರಿಗಳ ಮುಂದೆ ಸಾಲು ನಿಂತವು, ಸರ್ವರ್ ಕೈಕೊಟ್ಟಿತು, ಜನ ಗೊಣಗಿದರು. ಆದರೂ 2019ರ ಶೇ 44ರ ಅಂಕಿ ನೋಡಿ. ಹೇಳಿದ್ದರಿಂದ ನಂಬಿಕೆ ಕೆಡಲಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ಯಾವ ಸರ್ಕಾರಿ ಕಚೇರಿ ಯಾವಾಗ ತನ್ನ ದಾಖಲೆ ತೆಗೆದು ನೋಡಿತು ಎಂಬುದನ್ನು ಅಲ್ಲಿನ ನಾಗರಿಕ ಆನ್‌ಲೈನ್‌ನಲ್ಲೇ ನೋಡಬಹುದು. ಪಕ್ಕದ ಮೇಜಿನವನು ತನ್ನ ಆರೋಗ್ಯ ದಾಖಲೆಯನ್ನು ಯಾವ ವೈದ್ಯರು ಯಾವ ದಿನ ನೋಡಿದ್ದರು ಎಂದು ತೆರೆದು ತೋರಿಸಿದ. ನಮ್ಮಲ್ಲೂ ಆಧಾರ್ ವೆಬ್‌ಸೈಟಿನಲ್ಲಿ ಕಳೆದ ಆರು ತಿಂಗಳಲ್ಲಿ ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ನೋಡಬಹುದು, ಬೆರಳಚ್ಚನ್ನು ಲಾಕ್ ಮಾಡಬಹುದು. ಬಳಸುವವರು ಎಷ್ಟು ಜನ ಹೇಳಿ?

ದೊಡ್ಡಪ್ಪನ ಒಂಬತ್ತು ದಿನ

ನಮ್ಮೂರು ತಿಪಟೂರಿನ ಹತ್ತಿರ. ದೊಡ್ಡಪ್ಪನದು ತೆಂಗಿನ ತೋಟ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾದ ಕಾಯಿ ಮಾರಿದರೆ ಬರುವುದೇ ವರ್ಷದ ದುಡ್ಡು. 2023ರಲ್ಲಿ, ಆ ದುಡ್ಡು ಬ್ಯಾಂಕಿಗೆ ಬಿದ್ದ ವಾರದಲ್ಲೇ ಅವರ ಮೊಬೈಲಿಗೆ ‘ಕೆವೈಸಿ ಮಾಡಿಸದಿದ್ದರೆ ಇಂದು ಖಾತೆ ಬಂದ್’ ಎಂಬ ಮೆಸೇಜ್ ಬಂತು. ಹಿಂದೆಯೇ ಕನ್ನಡದಲ್ಲೇ ಮಾತಾಡುವ ಒಬ್ಬನ ಫೋನ್. ಅವನು ಕಳಿಸಿದ ಆ್ಯಪ್ ಹಾಕಿಕೊಂಡರು. ಸಂಜೆಯೊಳಗೆ 1 ಲಕ್ಷ 80 ಸಾವಿರ ಹೋಯಿತು. ಯಾರಿಗೂ ಹೇಳಲಿಲ್ಲ. ಆ್ಯಪ್ ಮೊಬೈಲಿನಲ್ಲೇ ಉಳಿಯಿತು. ಮೂರನೇ ದಿನ ವ್ಯಾಪಾರಿ ಹಾಕಿದ ಬಾಕಿ 60 ಸಾವಿರವೂ ಅದೇ ದಾರಿ ಹಿಡಿಯಿತು.

ಒಂಬತ್ತನೇ ದಿನ ಕಾಯಿ ಕೆಡವಲು ಬಂದವರಿಗೆ ಕೂಲಿ ಕೊಡಲು ದುಡ್ಡಿಲ್ಲದಾಗ ದೊಡ್ಡಮ್ಮನಿಗೆ ಗೊತ್ತಾಯಿತು. ಬೆಂಗಳೂರಿನಲ್ಲಿರುವ ಅವರ ಮಗ ಫೋನಿನಲ್ಲೇ ಕೂಗಾಡಿದ್ದ. ನಾನು ಹೈದರಾಬಾದಿನಿಂದ ಫೋನ್ ಮಾಡಿದಾಗ ದೊಡ್ಡಪ್ಪ ಮಾತಾಡಲೇ ಇಲ್ಲ. ‘ದೊಡ್ಡಪ್ಪ, ನಾನು ಬೈಯಲ್ಲ. ಟೈಮ್ ಮಾತ್ರ ಹೇಳಿ. ಮೆಸೇಜ್ ಎಷ್ಟು ಗಂಟೆಗೆ ಬಂತು?’ ಎಂದೆ. ಟ್ಯಾಲಿನ್‌ನಲ್ಲಿ ತುಂಬುತ್ತಿದ್ದ ಫಾರಂನ ಮೊದಲ ಪ್ರಶ್ನೆ ಅದು. ನಿಧಾನಕ್ಕೆ ಒಂದೊಂದೇ ಹೇಳಿದರು. ಕೊನೆಗೆ ಅಂದರು: ‘ಇಡೀ ಮನೆ ಲೆಕ್ಕ ನೋಡೋನು ನಾನು. ನಾನೇ ಮೋಸ ಹೋದೆ ಅಂತ ಹೆಂಗ್ ಹೇಳ್ಲಿ ಕಣಮ್ಮ?’

1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು, ಬ್ಯಾಂಕಿಗೆ ಬರೆದುಕೊಟ್ಟೆವು. ಒಂಬತ್ತು ದಿನದಲ್ಲಿ ದುಡ್ಡು ಎಷ್ಟೋ ಖಾತೆ ದಾಟಿ ಹೋಗಿತ್ತು. ಒಂದು ಖಾತೆಯಲ್ಲಿ ಉಳಿದಿದ್ದ 11 ಸಾವಿರವನ್ನು ತಡೆಹಿಡಿದರು. ಅದು ನ್ಯಾಯಾಲಯದ ಆದೇಶವಾಗಿ ಕೈಗೆ ಬರಲು ತಿಂಗಳುಗಳೇ ಬೇಕಾದವು. ಉಳಿದದ್ದು ಬರಲಿಲ್ಲ.

ನನ್ನ ಎದೆಗೆ ಚುಚ್ಚಿದ್ದು ಆ 60 ಸಾವಿರ. ರಿಸರ್ವ್ ಬ್ಯಾಂಕಿನ 2017ರ ಜುಲೈನ ಸುತ್ತೋಲೆಯ ಪ್ರಕಾರ, ಗ್ರಾಹಕನ ಅಜಾಗರೂಕತೆಯಿಂದಲೇ ದುಡ್ಡು ಹೋಗಿದ್ದರೂ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಮಾತ್ರ ಅವನದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಮೊದಲ ದಿನವೇ ಒಂದು ಫೋನ್ ಹೋಗಿದ್ದರೆ ಖಾತೆ ಬಂದ್ ಆಗುತ್ತಿತ್ತು, ಆ 60 ಸಾವಿರ ಹೋಗುತ್ತಲೇ ಇರಲಿಲ್ಲ. ಅದನ್ನು ಕಸಿದದ್ದು ಕಳ್ಳ ಒಬ್ಬನೇ ಅಲ್ಲ, ಮನೆಯಲ್ಲಿ ಏನಂದಾರೋ ಎಂಬ ಹೆದರಿಕೆಯೂ ಸೇರಿಕೊಂಡಿತ್ತು.

ಮೋಸಗಾರರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ಮೊದಲು ಹೇಳುವ ಮಾತೇ, ಯಾರಿಗೂ ಹೇಳಬೇಡಿ, ವಿಡಿಯೊ ಕಾಲ್ ಕಟ್ ಮಾಡಬೇಡಿ ಎಂದು. ಅಂಥದ್ದೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಪಕ್ಕದ ಕೋಣೆಯಲ್ಲಿರುವ ಮಗನಿಗೆ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿದ್ದ ಎಷ್ಟೋ ಪ್ರಕರಣಗಳಲ್ಲಿ ಜೀವಮಾನದ ಉಳಿತಾಯ ಹೋಗಿದೆ. ಇನ್ನು ನಮ್ಮಂಥವರ ಅಪ್ಪ ಅಮ್ಮಂದಿರಿಗೆ ಮಗ, ಮಗಳು ಪಕ್ಕದ ಕೋಣೆಯಲ್ಲೂ ಇಲ್ಲ. ಪುಣೆಯಲ್ಲೋ, ಚೆನ್ನೈಯಲ್ಲೋ, ದೆಹಲಿಯಲ್ಲೋ ಇದ್ದಾರೆ. ದಿನಕ್ಕೊಂದು ಫೋನ್, ಅದೂ ಅವಸರದಲ್ಲಿ. ಅವಸರದ ಫೋನಿನಲ್ಲಿ ನಾಚಿಕೆಯ ಸಂಗತಿ ಹೊರಬರುವುದಿಲ್ಲ.

ಹೋಗುವವರಿಗೆ, ಇರುವವರಿಗೆ

ಫೋನ್ ಮಾಡುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು. ಸರ್ಟಿಫಿಕೇಟುಗಳ ಹಿಂದೆ ಓಡುವ ಮೊದಲು ನೆಟ್‌ವರ್ಕ್ ಮತ್ತು ಲಿನಕ್ಸ್ ಚೆನ್ನಾಗಿ ಕಲಿಯಿರಿ. ಒಂದು ಪುಟದ ವರದಿಯನ್ನು, ಕಂಪ್ಯೂಟರ್ ಗೊತ್ತಿಲ್ಲದವರಿಗೂ ಅರ್ಥವಾಗುವಂತೆ, ಬರೆಯುವುದನ್ನು ಅಭ್ಯಾಸ ಮಾಡಿ. ಇಂಟರ್ನ್‌ಶಿಪ್‌ಗೆ ನನ್ನನ್ನು ಆರಿಸಿದ್ದು ನಾನು ಕಳಿಸಿದ ಅಂಥ ಒಂದು ವರದಿ ನೋಡಿ. ಯಾವುದಾದರೂ ವೆಬ್‌ಸೈಟಿನಲ್ಲಿ ದೋಷ ಕಣ್ಣಿಗೆ ಬಿದ್ದರೆ ಒಳಗೆ ಇಳಿಯಲು ಹೋಗಬೇಡಿ, ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸುವ ವ್ಯವಸ್ಥೆ ಇದೆ. ಎಲ್ಲಿಗೆ ಹೋದರೂ ಮೊದಲ ದಿನ ಒಂದು ಪ್ರಶ್ನೆ ಕೇಳಿ: ಇಲ್ಲಿ ಎಡವಟ್ಟಾದರೆ ಯಾರಿಗೆ ಹೇಳಬೇಕು? ಉತ್ತರ ತಕ್ಷಣ ಬಂದರೆ ಅದು ಒಳ್ಳೆಯ ಕಚೇರಿ.

ಕಂಪನಿಗಳಲ್ಲಿ ತಂಡ ನಡೆಸುವವರಿಗೂ ಒಂದು ಮಾತು. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು ಎಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ. ಕೆಳಗಿನ ಉದ್ಯೋಗಿ ನಿಮಗೆ ಹೇಳಲು ಮೂರು ದಿನ ಹೆದರಿಕೊಂಡು ಕೂತರೆ ನಿಮ್ಮ ಆ ಆರು ಗಂಟೆ ಶುರುವಾಗುವುದೇ ನಾಲ್ಕನೇ ದಿನ.

ಊರಿನಲ್ಲಿ ಹಿರಿಯರಿರುವ ಎಲ್ಲರಿಗೂ: ಈ ವಾರ ಫೋನ್ ಮಾಡಿದಾಗ ಎರಡು ಸಂಗತಿ ಹೇಳಿಬಿಡಿ. ಒಂದು, 1930 ಎಂಬ ಸಂಖ್ಯೆ. ದುಡ್ಡು ಹೋದದ್ದು ಗೊತ್ತಾದ ಕ್ಷಣವೇ ಆ ನಂಬರಿಗೆ, ಜತೆಗೆ ಬ್ಯಾಂಕಿಗೆ ಫೋನ್ ಮಾಡಬೇಕು. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಎರಡು, ಎಷ್ಟೇ ಹೋಗಿರಲಿ, ಹೇಗೇ ಹೋಗಿರಲಿ, ಮನೆಯಲ್ಲಿ ಯಾರೂ ಬೈಯುವುದಿಲ್ಲ ಎಂಬ ಮಾತು. ಎರಡನೆಯದನ್ನು ಒಂದು ಸಲ ಹೇಳಿದರೆ ಸಾಲದು, ಅದನ್ನು ನಡೆಸಿಯೂ ತೋರಿಸಬೇಕು.

ದೊಡ್ಡಪ್ಪ ಈಗ ತೋಟದ ಲೆಕ್ಕವನ್ನು ಮತ್ತೆ ತಾವೇ ನೋಡುತ್ತಾರೆ. ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡ ಎಂದು ಅಣ್ಣನಿಗೆ ಹೇಳಿ ಒಪ್ಪಿಸಲು ನನಗೆ ಸಾಕುಸಾಕಾಯಿತು. ನಮ್ಮ ಮನೆಯವರೆಲ್ಲ ಇರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಅನುಮಾನ ಬಂದ ಮೆಸೇಜನ್ನು ಯಾರು ಬೇಕಾದರೂ ಹಾಕಿ ಕೇಳಬಹುದು ಎಂಬ ಪದ್ಧತಿ ಮಾಡಿದ್ದೇವೆ. ಅತಿ ಹೆಚ್ಚು ಹಾಕುವವರು ದೊಡ್ಡಪ್ಪನೇ. ಕಳೆದ ವಾರ ಒಂದನ್ನು ಹಾಕಿ ‘ಇದು ಕಳ್ಳರದ್ದೇ ಇರಬೇಕು’ ಎಂದು ಬರೆದಿದ್ದರು. ತೆಗೆದು ನೋಡಿದರೆ ಬೆಸ್ಕಾಂನ ಕರೆಂಟ್ ಬಿಲ್. ಎರಡು ತಿಂಗಳಿನದು ಬಾಕಿ ಇತ್ತು.